ಉಣಗೋಲು ದಾಟಿದ ಕಾಲುದಾರಿ: ನನ್ನ ಅನುಭವ

ತೋಟದೊಳಗೆ ಹಾಯುವ ಕಾಲುದಾರಿ ಮುಚ್ಚುವ ಅಧಿಕಾರವನ್ನು ತೋಟದ ಯಜಮಾನರ ಕೈಗೇ ಕೊಟ್ಟರೆ ಎರಡು ವರ್ಷದಲ್ಲಿ ಒಂದು ದಾರಿಯೂ ಉಳಿಯುವುದಿಲ್ಲ ಎಂದು ಬಹಳ ಜನ ಹೇಳಿದ್ದರು. ಅವರಲ್ಲಿ ಒಂದಿಬ್ಬರು ಈಗ ತಮ್ಮ ಊರಿಗೂ ಬಂದು ಮಾಡಿಕೊಡಿ ಎನ್ನುತ್ತಿದ್ದಾರೆ. ಊರವರೂ ಚಾರಣಿಗರೂ ನಡೆಯಲೆಂದು ಉತ್ತರ ಕನ್ನಡದ ಶಿರಸಿ, ಸಿದ್ದಾಪುರ ತಾಲ್ಲೂಕುಗಳ ಘಟ್ಟದಂಚಿನ ನಾಲ್ಕೈದು ಪಂಚಾಯತ್‌ಗಳ ಹಳೆಯ ಕಾಲುದಾರಿಗಳನ್ನು ಒಂದಕ್ಕೊಂದು ಜೋಡಿಸಿದ್ದೇವೆ. ಹೆಚ್ಚು ಕಡಿಮೆ 70 ಕಿಲೋಮೀಟರ್ ಆಗಬಹುದು. ದಾರಿಯಲ್ಲಿ ಸಿಗುವ ನೂರಕ್ಕೂ ಹೆಚ್ಚು ಉಣಗೋಲುಗಳಲ್ಲಿ (ಬೇಲಿಯ ನಡುವೆ ಅಡ್ಡಗೋಲು ಸರಿಸಿ ದಾಟುವ ಬಾಗಿಲು) ಪೂರ್ತಿ ಮುಚ್ಚಿಹೋದದ್ದು ಎರಡೋ ಮೂರೋ. ಅದರಲ್ಲೂ ಒಂದು ಅಣ್ಣತಮ್ಮಂದಿರ ಪಾಲಿನ ಜಗಳ, ದಾರಿಗೆ ಸಂಬಂಧವಿಲ್ಲ.

ಸಭಾಭವನದಲ್ಲಿ ನಕ್ಷೆ ಹರಡಿ ಸಭೆ ಮಾಡಿದರೆ ಏನಾಗುತ್ತದೆ ಎಂಬುದು ಈ ಕೆಲಸಕ್ಕೆ ಕೈ ಹಾಕಿದವರಿಗೆಲ್ಲ ಗೊತ್ತು. ಚಹಾ, ಅವಲಕ್ಕಿಗೆ ಐದಾರು ಸಾವಿರ ಹೋಯಿತು. ಎದ್ದು ನಿಂತವರೆಲ್ಲ ಕೇಳಿದ್ದು ಡಾಂಬರು ರಸ್ತೆ. ತೋಟದವರು ಬಾಯಿ ಬಿಡಲಿಲ್ಲ. ಅವರ ಮಾತು ಹೊರಬಿದ್ದದ್ದು ಅವರವರ ಜಗಲಿಯಲ್ಲಿ ಕುಳಿತಾಗ: ಇಂದು ನಡೆಯಲು ಬಿಟ್ಟರೆ ನಾಳೆ ಬೈಕು, ನಾಡಿದ್ದು ಜೀಪು, ಕಡೆಗೆ ಇದು ರೂಢಿದಾರಿ ಎಂದು ನ್ಯಾಯಾಲಯದಲ್ಲಿ ದಾವೆ. ಹೆದರಿಕೆ ಸುಳ್ಳಲ್ಲ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ 20 ವರ್ಷ ತಡೆಯಿಲ್ಲದೆ, ತಮ್ಮ ಹಕ್ಕೆಂಬಂತೆ ಬಳಸಿದ ದಾರಿಯ ಮೇಲೆ ಬಳಸಿದವರಿಗೆ ಹಕ್ಕು ಹುಟ್ಟುತ್ತದೆ. ಒಪ್ಪಿಗೆ ಕೇಳಿ ನಡೆದರೆ ಹುಟ್ಟುವುದಿಲ್ಲ. ಆ ಎಳೆಯನ್ನೇ ಹಿಡಿದು ಒಂದು ಪುಟದ ಪತ್ರ ಬರೆದೆವು. ನಡೆಯುವುದು ಮನೆಯವರ ಒಪ್ಪಿಗೆಯಿಂದ ಮಾತ್ರ, ವರ್ಷಕ್ಕೊಮ್ಮೆ ಹೊಸ ಸಹಿ, ಅಡಿಕೆ ಕೊನೆಕೊಯ್ಲಿಗೋ ಔಷಧಿ ಹೊಡೆಯುವುದಕ್ಕೋ ಅಥವಾ ಕಾರಣ ಹೇಳದೆಯೂ ಉಣಗೋಲು ಹಾಕಿಕೊಳ್ಳಬಹುದು. ಜನ ಸಹಿ ಹಾಕತೊಡಗಿದ್ದು ಆ ಕೊನೆಯ ಸಾಲು ಸೇರಿದ ಮೇಲೆ. ಯಾವ ಕೇರಿಯಲ್ಲಿ ಯಾರ ಮನೆಯಿಂದ ಶುರು ಮಾಡಬೇಕು ಎಂಬುದಕ್ಕೂ ಒಂದು ಲೆಕ್ಕವಿದೆ. ಅದನ್ನು ಬರೆದು ಕೊಡುವುದಿಲ್ಲ, ಬಂದರೆ ಹೇಳುತ್ತೇನೆ.

ಯಾರು ಯಾವಾಗ ಬೇಕಾದರೂ ಮುಚ್ಚಬಹುದಾದ್ದರಿಂದ ಒಂದೇ ಉದ್ದನೆಯ ದಾರಿ ಆಗದ ಮಾತು. ಪ್ರತಿ ಊರಿಗೂ ಎರಡು ಕಡೆಯಿಂದ ಹೋಗಿ ಸೇರುವಂತಿರಬೇಕು. ಜಾಲ ಬೇಕಾದದ್ದು ಅದಕ್ಕೆ, ನೋಟದ ಚಂದಕ್ಕಲ್ಲ. ಜಲಪಾತ, ಗುಡ್ಡದ ತುದಿ ಎಂದು ಹುಡುಕದೆ ಮನೆಮನೆಯಲ್ಲಿ ಒಂದೇ ಪ್ರಶ್ನೆ ಕೇಳಿದೆವು: ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ ಪೇಟೆಗೆ ಎಲ್ಲಿಂದ ನಡೆಯುತ್ತೀರಿ? ಗಂಡಸರು ಒಂದು ದಾರಿ ಹೇಳಿದರೆ ಹೆಂಗಸರು ಮೂರು ಹೇಳಿದರು. ಹಳೆಯ ಗ್ರಾಮ ನಕಾಶೆಯಲ್ಲಿ ಚುಕ್ಕಿಗೆರೆಯಾಗಿ ಕಾಣುವ ದಾರಿಗಳಲ್ಲಿ ಅರ್ಧದಷ್ಟು ನೆಲದ ಮೇಲೆ ಇರಲಿಲ್ಲ. ತೋಟ ಅವುಗಳನ್ನು ನುಂಗಿತ್ತು. ನಕಾಶೆ ಕಂಡ ದಾರಿ ಎಂದು ಹಟ ಹಿಡಿದು ಅರ್ಜಿ ಕೊಡುವವರು ಕೊಡಲಿ, ನಾವು ಸುತ್ತು ಹಾಕಿ ಹೋದೆವು. ದಿಶಾಂಕ್ ಆ್ಯಪ್ ಸರ್ವೆ ನಂಬರು ನೋಡಲು ಸಾಕು. ಆದರೆ ಕಾನಿನೊಳಗೆ ಮೊಬೈಲಿನ ಜಿಪಿಎಸ್ ನಮ್ಮನ್ನು ಆಗಾಗ ಪಕ್ಕದ ಹಳ್ಳದಲ್ಲಿ ನಿಲ್ಲಿಸುತ್ತಿತ್ತು. ರಾಮಪತ್ರೆ ಜಡ್ಡಿ (ರಾಮಪತ್ರೆ ಮರಗಳು ಬೆಳೆಯುವ ಜೌಗು ಕಾಡು) ಇರುವಲ್ಲಿ ಹಳೆಯ ದಾರಿ ಇದ್ದರೂ ಬಿಟ್ಟೆವು. ಅಲ್ಲಿನ ಬೇರುಗಳ ಮೇಲೆ ನೂರು ಜೊತೆ ಬೂಟು ಓಡಾಡಿದರೆ ಜಡ್ಡಿ ಉಳಿಯುವುದಿಲ್ಲ.

ಹೆಚ್ಚು ದುಡ್ಡು ತಿಂದದ್ದು ಗುರುತು. ಮೊದಲು ಮರಗಳಿಗೆ ಬಣ್ಣ ಬಳಿದೆವು, ಒಂದು ಮಳೆಗಾಲಕ್ಕೆ ಹಾವಸೆ (ಪಾಚಿ) ಮುಚ್ಚಿತು. ಆಮೇಲೆ ತಗಡಿನ ಫಲಕ, ಒಂದಕ್ಕೆ 350 ರೂಪಾಯಿಯಂತೆ ಎಂಬತ್ತರ ಹತ್ತಿರ. ಮೂರನೆಯ ಒಂದು ಪಾಲು ಗುಜರಿ ಸೇರಿತು, ಒಂದೆರಡು ದನದ ಕೊಟ್ಟಿಗೆಯ ಮಾಡಿನಲ್ಲಿ ಇನ್ನೂ ಕಾಣುತ್ತವೆ. ಈಗ ಮೊಣಕಾಲೆತ್ತರದ ಚಿರೇಕಲ್ಲಿಗೆ (ಜಂಬಿಟ್ಟಿಗೆ) ಬಾಣದ ಗುರುತು ಕೆತ್ತಿಸಿ ನೆಡುತ್ತೇವೆ. ಕಲ್ಲು, ಕೆತ್ತನೆ, ಹೊರುವ ಕೂಲಿ ಸೇರಿ 150ರಿಂದ 200. ಕಲ್ಲನ್ನು ಯಾರೂ ಗುಜರಿಗೆ ಒಯ್ಯುವುದಿಲ್ಲ. ಕೆತ್ತಿದ ಗೆರೆಯಲ್ಲಿ ಹಾವಸೆ ಕೂರದಂತೆ ಏನು ತುಂಬುತ್ತೇವೆ ಎಂಬುದು ಸದ್ಯಕ್ಕೆ ನಮ್ಮಲ್ಲೇ ಇರಲಿ. ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಗುಡ್ಡ) ಮಾತ್ರ ಒಂದು ಕಲ್ಲೂ ಇಲ್ಲ. ಬಳಕೆ ನಮ್ಮದಾದರೂ ದಾಖಲೆಯಲ್ಲಿ ಅದು ಅರಣ್ಯ.

ಹಳ್ಳ ದಾಟುವ ಕಾಲುಸಂಕಗಳಿಗೆ ನರೇಗಾ ಹಿಡಿದೆವು. 60:40ರ ಕೂಲಿ–ಸಾಮಗ್ರಿ ಲೆಕ್ಕದಲ್ಲಿ ಕಾಂಕ್ರೀಟು ಸಂಕ ಕೂರುತ್ತಿರಲಿಲ್ಲ, ಸಾಮಗ್ರಿಯೇ ಹೆಚ್ಚು. ಸುತ್ತಲಿನ ಇಂಗುಗುಂಡಿಗಳ ಕೆಲಸವನ್ನು ಅದೇ ವರ್ಷದ ಕ್ರಿಯಾಯೋಜನೆಗೆ ಸೇರಿಸಿದಾಗ ಲೆಕ್ಕ ಸರಿಹೋಯಿತು. ನರೇಗಾ ಬಿಟ್ಟು ನಮ್ಮ ಕೈಯಿಂದ ಹೋದದ್ದು ನಾಲ್ಕು ಲಕ್ಷದೊಳಗೆ. ಅದರಲ್ಲಿ ಐವತ್ತು ಸಾವಿರದಷ್ಟು ಸೊಸೈಟಿ ಕೊಟ್ಟಿತು. ನಗರದ ಒಂದು ಸಂಸ್ಥೆ ಬರೀ ಸಮೀಕ್ಷೆಗೆ ಆರು ಲಕ್ಷ ಹೇಳಿತ್ತು.

ನಡುವೆ ಒಂದು ಹುಚ್ಚಾಟವನ್ನೂ ಮಾಡಿದೆವು. ಎಷ್ಟು ಜನ ಓಡಾಡುತ್ತಾರೆಂದು ತಿಳಿಯಲು ಕೆಲವು ಉಣಗೋಲುಗಳ ಪಕ್ಕ ಬಿದಿರಿನ ಅಂಡೆ ಕಟ್ಟಿ, ದಾಟಿದವರು ಒಂದೊಂದು ಗೋಟಡಿಕೆ ಹಾಕಬೇಕೆಂದೆವು. ಮೊದಲ ವಾರ ಲೆಕ್ಕ ಚೆನ್ನಾಗಿ ಬಂತು. ಆಮೇಲೆ ಶಾಲೆಯ ಮಕ್ಕಳು ಹಿಡಿಗಟ್ಟಲೆ ಹಾಕಿದರು, ಅಡಿಕೆಯ ದರ ಏರಿದಾಗ ಅಂಡೆಗಳು ಖಾಲಿಯಾದವು. ಆದರೂ ಒಂದು ತಿಳಿಯಿತು: ಹೊರಗಿನವರಿಗಿಂತ ಊರವರ ಓಡಾಟವೇ ನಾಲ್ಕು ಪಟ್ಟು. ನಾಳೆ ಚಾರಣಿಗರು ಬಾರದೆ ಹೋದರೂ ದಾರಿ ಹುಲ್ಲು ಮುಚ್ಚುವುದಿಲ್ಲ.

ಹೊರಗಿನವರನ್ನು ಕರೆಯುವ ಕಾಲವೂ ಚಿಕ್ಕದು. ಮಳೆಯಲ್ಲಿ ಹಳ್ಳ, ಉಂಬಳ (ಜಿಗಣೆ). ಡಿಸೆಂಬರ್ ಕಳೆದರೆ ಉಣುಗಿನ (ಉಣ್ಣೆ ಹುಳ) ಕಾಟ ಮತ್ತು ಅದು ಕಚ್ಚಿ ಹರಡುವ ಮಂಗನ ಕಾಯಿಲೆ. 1957ರಲ್ಲಿ ಅದು ಮೊದಲು ಕಂಡ ಕ್ಯಾಸನೂರು ಪಕ್ಕದ ಸೊರಬದ್ದು, 2024ರಲ್ಲಿ ಸಿದ್ದಾಪುರ ಅನುಭವಿಸಿದ್ದು ಎಲ್ಲರಿಗೂ ನೆನಪಿದೆ. ಮಳೆ ನಿಂತ ಮೇಲೆ ಎರಡೂವರೆ ತಿಂಗಳು ಸಿಕ್ಕರೆ ಹೆಚ್ಚು. ಊಟಕ್ಕೆ 150 ರೂಪಾಯಿ, ಅದು ನೇರವಾಗಿ ಬಡಿಸಿದ ಮನೆಗೆ. ಪ್ರವೇಶ ಶುಲ್ಕದ ಮಾತು ಎತ್ತಿದವರನ್ನು ನಾನೇ ಸುಮ್ಮನಾಗಿಸಿದೆ.

ಈಗ ಘಟ್ಟದ ಕೆಳಗಿನ ಕುಮಟಾ ಕಡೆಯವರು ಅಘನಾಶಿನಿ ಕಣಿವೆಗೆ ಇಳಿಯುವ ಹಳೆಯ ದಾರಿಯನ್ನು ಸೇರಿಸಿ ಎನ್ನುತ್ತಿದ್ದಾರೆ. ನಡುವೆ ಇರುವುದು 2011ರಲ್ಲಿ ಘೋಷಣೆಯಾದ ಸಿಂಗಳೀಕಗಳ ಸಂರಕ್ಷಣಾ ಮೀಸಲು. ಅರಣ್ಯ ಇಲಾಖೆಯ ಲಿಖಿತ ಅನುಮತಿ ಬರುವ ತನಕ ಮೇಲಿನ ತುದಿ, ಕೆಳಗಿನ ತುದಿ ಎರಡನ್ನೇ ಮಾಡಿಟ್ಟು ನಡುವಿನ ತುಂಡು ಬಿಡೋಣ ಎಂದಿದ್ದೇನೆ. ಅವರು ಆಗಲೇ ಚಿರೇಕಲ್ಲಿಗೆ ಮುಂಗಡ ಕೊಟ್ಟು ಕೂತಿದ್ದಾರೆ.