ಬೇಸಿಗೆಯಲ್ಲಿ ಬೆಟ್ಟ ಹತ್ತುವವರು ತಮ್ಮ ಮಿತಿಯನ್ನು ಬುಡದಲ್ಲೇ ಗೊತ್ತುಮಾಡಿಕೊಳ್ಳುವ ಬಗೆ

ಏಪ್ರಿಲ್ ತಿಂಗಳಲ್ಲಿ ಪಾಂಡವಪುರದ ಕುಂತಿ ಬೆಟ್ಟವನ್ನೋ ಶ್ರೀರಂಗಪಟ್ಟಣದ ಕರಿಘಟ್ಟವನ್ನೋ ಹತ್ತಲು ಹೊರಡುವವರು ಮೊಬೈಲ್ ತೋರಿಸುವ 36 ಡಿಗ್ರಿಯನ್ನಷ್ಟೇ ನಂಬಬಾರದು. ಅದು ನೆರಳಿನಲ್ಲಿ ಅಳೆದ ಗಾಳಿಯ ಉಷ್ಣತೆ. ಬೆಳಗಿನಿಂದ ಬಿಸಿಲಿಗೆ ಕಾದ ಹೆಬ್ಬಂಡೆ ಅದಕ್ಕಿಂತ ಬಹಳ ಬಿಸಿಯಾಗಿದ್ದು, ಮೈಯನ್ನು ಕೆಳಗಿನಿಂದಲೂ ಸುಡುತ್ತದೆ. ಬಂಡೆಯ ಮೇಲೆ ಅಂಗೈ ಊರಿ ಹತ್ತು ಎಣಿಸುವಷ್ಟು ಹೊತ್ತು ಇಡಲಾಗದಿದ್ದರೆ ನಾನು ಮುಂದೆ ಹತ್ತುವುದಿಲ್ಲ.

ದೇಹ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕಾಗುವುದರಿಂದ, ಡಿಸೆಂಬರಿನಲ್ಲಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ನಿಲ್ಲದೆ ಹತ್ತಿದ್ದೆನೆಂಬ ಧೈರ್ಯ ಬೇಸಿಗೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಿದ್ದೆಗೆಟ್ಟವರು, ಜ್ವರ ಅಥವಾ ಭೇದಿಯಿಂದ ಈಚೆಗಷ್ಟೇ ಚೇತರಿಸಿಕೊಂಡವರು, ಬೆಳಗಿನ ಮೂತ್ರ ಗಾಢ ಹಳದಿಯಾಗಿರುವವರು ಅಂದು ಮನೆಯಲ್ಲಿರುವುದೇ ಲೇಸು. ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಹೊರಡಬಾರದು.

ಒಬ್ಬರಿಗೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ನೀರು ಬೇಕು. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಬರೀ ನೀರನ್ನೇ ವಿಪರೀತ ಕುಡಿಯುವುದೂ ಅಪಾಯ. ಉಪ್ಪು ಹಾಕಿದ ನೀರುಮಜ್ಜಿಗೆಯೋ ಓ.ಆರ್.ಎಸ್. ದ್ರಾವಣವೋ ಜೊತೆಗಿರಲಿ. ಆರು ಗಂಟೆಗೆ ಹೊರಟು ಒಂಬತ್ತೂವರೆಯೊಳಗೆ ಇಳಿಯಬೇಕು, ನೀರು ಅರ್ಧವಾದಲ್ಲಿಂದಲೇ ಹಿಂದಿರುಗಬೇಕು ಎಂದು ಬುಡದಲ್ಲೇ ಎಲ್ಲರೂ ಒಪ್ಪಿಕೊಳ್ಳಬೇಕು.

ಬುಡದಲ್ಲೇ ಎಂದು ಒತ್ತಿ ಹೇಳಲು ಕಾರಣವಿದೆ. ಒಮ್ಮೆ ಕುಂತಿ ಬೆಟ್ಟದಲ್ಲಿ ನನ್ನ ಚಿಕ್ಕಪ್ಪನ ಮಗ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸಲಾರದೆ ಅದನ್ನೇ ಮತ್ತೆ ಮತ್ತೆ ಸವರುತ್ತ, "ಏನಿಲ್ಲ ಕಣಣ್ಣ, ಇನ್ನು ಸ್ವಲ್ಪ ತಾನೆ, ಹತ್ತೇಬಿಡೋಣ" ಎನ್ನುತ್ತಿದ್ದ. ಅವನ ತೋಳಿನ ಮೇಲೆ, ಆ ಬಿಸಿಲಿನಲ್ಲಿ, ರೋಮ ನಿಮಿರಿತ್ತು. ತಾಪ ಏರಿದಂತೆ ವಿವೇಚನೆ ಕುಂದುತ್ತದೆ, ಆದರೆ ಕುಂದಿದ್ದು ಸ್ವತಃ ಆ ವ್ಯಕ್ತಿಗೆ ತಿಳಿಯುವುದಿಲ್ಲ. ಆದ್ದರಿಂದ ಜೊತೆಯವರಲ್ಲಿ ಒಬ್ಬರು "ಸಾಕು" ಎಂದರೆ ವಾದವಿಲ್ಲದೆ ಎಲ್ಲರೂ ಇಳಿಯಬೇಕು.

ತಲೆನೋವು, ವಾಕರಿಕೆ, ಸ್ನಾಯುಸೆಳೆತ ಕಂಡರೆ ನೆರಳಿನಲ್ಲಿ ಕೂರಿಸಿ, ಗುಟುಕು ಗುಟುಕಾಗಿ ನೀರು ಕುಡಿಸಿ, ಸುಧಾರಿಸಿದ ಮೇಲೆ ಇಳಿಸಬೇಕು. ಮಾತು ತೊದಲಿದರೆ, ನಡಿಗೆ ತೂರಾಡಿದರೆ, ಪ್ರಜ್ಞೆ ಮಸುಕಾದರೆ ಅದು ಉಷ್ಣಾಘಾತ. ಮೈ ಬೆವರುತ್ತಿದೆಯೆಂದು ಸಮಾಧಾನ ತಾಳಬಾರದು. ಕೂಡಲೇ 108ಕ್ಕೆ ಕರೆ ಮಾಡಿ, ಬಟ್ಟೆ ಸಡಿಲಿಸಿ, ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸುತ್ತಿರಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಆಂಬುಲೆನ್ಸ್ ಬರುವವರೆಗೆ ಬೀಸುವ ಕೈ ನಿಲ್ಲಬಾರದು.