ಸ್ಕ್ರೀನಿಂಗ್‌ನಲ್ಲಿ ‘ಪಾಸಿಟಿವ್’ ಬಂದರೆ ಮುಂದೇನು ಮಾಡಬೇಕು?

ನಾನು ಜೆನೆಟಿಕ್ ಕೌನ್ಸೆಲರ್. ಹುಟ್ಟಿದ ಮಗುವಿನ ಸ್ಕ್ರೀನಿಂಗ್‌ನಲ್ಲಿ ಏನಾದರೂ ಏರುಪೇರು ಕಂಡರೆ ಮನೆಯವರಿಗೆ ಫೋನ್ ಮಾಡಿ ಹೇಳುವುದು ನನ್ನ ಕೆಲಸ. ಆ ಕಡೆಯಿಂದ ಬರುವ ಮೊದಲ ಪ್ರಶ್ನೆ, “ಹಾಗಾದರೆ ಮಗುವಿಗೆ ಕಾಯಿಲೆ ಇದೆಯಾ?” ನಾನು ಹೇಳುವುದು ಇಷ್ಟೇ: “ಇದೆ ಅಂತ ಈಗಲೇ ಹೇಳೋಕಾಗಲ್ಲ. ಇನ್ನೊಂದು ಪರೀಕ್ಷೆ ಬೇಕು, ಅದೂ ತಡಮಾಡದೆ.”

ಯಾವ ಲಕ್ಷಣವೂ ಇಲ್ಲದವರಲ್ಲಿ ಯಾರನ್ನು ಇನ್ನಷ್ಟು ಪರೀಕ್ಷಿಸಬೇಕು ಅಂತ ಹುಡುಕುವುದು ಸ್ಕ್ರೀನಿಂಗ್. ಕಾಯಿಲೆ ಇದೆ, ಇಲ್ಲ ಅಂತ ತೀರ್ಮಾನಿಸುವುದು ಡಯಾಗ್ನಾಸ್ಟಿಕ್ ಪರೀಕ್ಷೆ. “ಶೇ. 99 ಸರಿಯಾದ ಪರೀಕ್ಷೆ ಅಲ್ವಾ?” ಅಂತ ಕೇಳುವವರಿಗೆ ನಾನು ಪೆನ್ನು ಹಿಡಿದು ಲೆಕ್ಕ ಮಾಡಿ ತೋರಿಸುತ್ತೇನೆ. 10,000ಕ್ಕೆ ಒಬ್ಬರಿಗೆ ಬರುವ ಕಾಯಿಲೆ ಅಂದುಕೊಳ್ಳಿ. 1,00,000 ಮಕ್ಕಳಲ್ಲಿ ಅದು 10 ಮಕ್ಕಳಿಗೆ ಇರುತ್ತದೆ. ಪರೀಕ್ಷೆ ಆ 10 ಮಕ್ಕಳನ್ನೂ ಹಿಡಿಯಿತು ಅನ್ನಿ. ಆದರೆ ಉಳಿದ 99,990 ಆರೋಗ್ಯವಂತ ಮಕ್ಕಳಲ್ಲಿ ಶೇ. 1ರಷ್ಟು ತಪ್ಪಾದರೂ ಸುಮಾರು 1,000 ಮನೆಗೆ ಸುಮ್ನೆ ಗಾಬರಿ. ಅಂದರೆ ಪಾಸಿಟಿವ್ ಬಂದ ನೂರು ಮಕ್ಕಳಲ್ಲಿ ಕಾಯಿಲೆ ಇರುವುದು ಒಂದು ಮಗುವಿಗೆ. ಆ ಒಂದು ಮಗು ನಿಮ್ಮದೇ ಇರಬಹುದು, ಹಾಗಾಗಿ ಮರುಪರೀಕ್ಷೆಯನ್ನು ಮಾತ್ರ ಮುಂದೂಡಬೇಡಿ.

ರಕ್ತ ಯಾವಾಗ, ಹೇಗೆ ತೆಗೆದರು ಅಂತ ಕೇಳಿ. ಮಗುವಿನ ಹಿಮ್ಮಡಿಯ ಪಕ್ಕದಲ್ಲಿ ಚುಚ್ಚಿ, ಮೊದಲ ಹನಿ ಒರೆಸಿ, ಮುಂದಿನ ದೊಡ್ಡ ಹನಿಯನ್ನು ಫಿಲ್ಟರ್ ಪೇಪರ್‌ನ ವೃತ್ತಕ್ಕೆ ತಾಗಿಸುತ್ತಾರೆ. ರಕ್ತ ಕಾಗದದ ಹಿಂಬದಿಗೂ ಇಳಿದಿರಬೇಕು. ಹನಿಯ ಮೇಲೆ ಹನಿ ಬಿದ್ದರೆ ಲೆಕ್ಕ ಕೆಡುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಕೆಲವು ಹಾರ್ಮೋನ್‌ಗಳು ಕಾಯಿಲೆ ಇಲ್ಲದೆಯೂ ಜಾಸ್ತಿ ಇರುತ್ತವೆ. ಎಷ್ಟು ವಾರಕ್ಕೆ ಹುಟ್ಟಿತು ಅನ್ನುವುದನ್ನು ಕಾರ್ಡ್‌ನಲ್ಲಿ ಬರೆಸಲೇಬೇಕು.

ಗರ್ಭಿಣಿಯ ರಕ್ತದಲ್ಲಿ ಮಾಡುವ ಡಿಎನ್‌ಎ ಪರೀಕ್ಷೆಯೂ ಸ್ಕ್ರೀನಿಂಗೇ. ಅದರಲ್ಲಿ ಮಗುವಿನದು ಅಂತ ನೋಡುವ ಡಿಎನ್‌ಎ ತುಣುಕುಗಳು ಬರುವುದು ಹೆಚ್ಚಾಗಿ ಮಾಸಿನಿಂದ, ನೇರವಾಗಿ ಮಗುವಿನಿಂದಲ್ಲ. ಮಾಸಿನ ಡಿಎನ್‌ಎ, ಮಗುವಿನ ಡಿಎನ್‌ಎ ಒಮ್ಮೊಮ್ಮೆ ಬೇರೆಯಾಗಿರುತ್ತವೆ. ಗರ್ಭದ ನೀರಿನ ಪರೀಕ್ಷೆಯಂಥ ಖಚಿತ ಪರೀಕ್ಷೆ ಆಗುವ ತನಕ ದಯವಿಟ್ಟು ಯಾವ ದೊಡ್ಡ ನಿರ್ಧಾರವನ್ನೂ ಮಾಡಬೇಡಿ.

ಎಲ್ಲ ಕಾಯಿಲೆಗೂ ಸ್ಕ್ರೀನಿಂಗ್ ಯಾಕಿಲ್ಲ ಅಂತಲೂ ಕೇಳುತ್ತಾರೆ. ವಿಲ್ಸನ್ ಮತ್ತು ಯುಂಗ್ನರ್ 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ಮಾನದಂಡಗಳನ್ನೇ ನಾನು ಈಗಲೂ ಹಿಡಿದುಕೊಂಡಿದ್ದೇನೆ: ಕಾಯಿಲೆ ಗಂಭೀರವಾಗಿರಬೇಕು, ಲಕ್ಷಣ ಕಾಣುವ ಮೊದಲೇ ಪತ್ತೆ ಆಗಬೇಕು, ಚಿಕಿತ್ಸೆ ಇರಬೇಕು, ಅದು ಜನರಿಗೆ ಸಿಗಬೇಕು. ಪ್ರೋಟೀನ್‌ನಲ್ಲಿರುವ ಒಂದು ಅಂಶವನ್ನು ದೇಹ ಅರಗಿಸಿಕೊಳ್ಳಲಾಗದ ಹುಟ್ಟುಕಾಯಿಲೆ ಫಿನೈಲ್‌ಕೀಟೋನ್ಯೂರಿಯಾ ಇದಕ್ಕೆ ಸರಿಯಾಗಿ ಹೊಂದುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಆಹಾರ ಬದಲಿಸಿದರೆ ಮಗುವಿನ ಬುದ್ಧಿ ಬೆಳವಣಿಗೆ ಕುಂಠಿತವಾಗುವುದನ್ನು ತಡೆಯಬಹುದು. ಪತ್ತೆ ಮಾಡಿ ಕೈಚೆಲ್ಲುವಂತಿದ್ದರೆ ಎಲ್ಲ ಮಕ್ಕಳ ಮೇಲೂ ಆ ಪರೀಕ್ಷೆ ಹೇರುವುದು ನನಗೆ ಸರಿ ಕಾಣುವುದಿಲ್ಲ.

ನೆಗೆಟಿವ್ ಬಂದರೂ ಮುಂದೆ ಲಕ್ಷಣ ಕಂಡರೆ ಪರೀಕ್ಷೆ ಮಾಡಿಸಿ. ಹಳೆಯ ರಿಪೋರ್ಟ್ ನೋಡಿ ಸುಮ್ಮನಿರಬೇಡಿ.

ನೀವು ಬೀಟಾ ಥಲಸ್ಸೀಮಿಯಾ ಅನ್ನುವ ಆನುವಂಶಿಕ ರಕ್ತದ ಕಾಯಿಲೆಯ ವಾಹಕರು, ಅಂದರೆ ಜೀನ್‌ನ ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ ಬದಲಾವಣೆ ಇರುವವರು, ಅಂತ ಗೊತ್ತಾದರೆ ಅದು ನಿಮಗೆ ಬಂದ ಕಾಯಿಲೆಯಲ್ಲ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಮಾತ್ರ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25. ಜೀನ್‌ನಲ್ಲಿನ ಬದಲಾವಣೆ ಖಚಿತವಾದ ಮೇಲೆ ಅಣ್ಣ, ತಂಗಿಯರಿಗೂ ತಿಳಿಸಿ. ಬಾಯಿಮಾತು ಸಾಲದು, ಜೀನ್‌ನ ಹೆಸರು ಮತ್ತು ಬದಲಾವಣೆಯ ಪೂರ್ತಿ ವಿವರ ಇರುವ ಪುಟದ ಜೆರಾಕ್ಸ್ ಕೊಡಿ. ಅವರ ಲ್ಯಾಬ್ ಅದೊಂದೇ ಬದಲಾವಣೆಯನ್ನು ಹುಡುಕಿದರೆ ಸಾಕಾಗುತ್ತದೆ.