ಖಾಲಿ ಬರಬೇಕಿದ್ದ ಡಬ್ಬಿ: ಮಕ್ಕಳಿಗೊಂದು ಪತ್ತೇದಾರಿ ಬರೆದ ಅನುಭವ

ಏಳೆಂಟು ವರ್ಷದ ಮಕ್ಕಳಿಗೆ ಪತ್ತೇದಾರಿ ಕಾದಂಬರಿ ಬರೆಯುವಾಗ ನಾನು ಮೊದಲು ಬರೆಯುವುದು ಕೊನೆಯ ಅಧ್ಯಾಯ. ಯಾರು ಮಾಡಿದರು, ಯಾಕೆ ಮಾಡಿದರು ಎಂಬುದು ಗಟ್ಟಿಯಾದ ಮೇಲೆ ಸುಳಿವುಗಳನ್ನು ಅಡಗಿಸುತ್ತಾ ಹಿಂದಕ್ಕೆ ಬರುತ್ತೇನೆ. ಕೊಲೆ, ಅಪಹರಣ ಬೇಡವೇ ಬೇಡ. ಕಳ್ಳತನವೂ ಇಲ್ಲದಿದ್ದರೆ ನನಗೆ ಇನ್ನೂ ಖುಷಿ.

ಮುಂಬಯಿಯ ಮಾಟುಂಗದಲ್ಲಿ ಭಾನುವಾರ ನನ್ನ ಹತ್ತಿರ ಕನ್ನಡ ಕಲಿಯಲು ಬರುವ ಮಕ್ಕಳು ಇಂಗ್ಲಿಷಿನಲ್ಲಿ ದಪ್ಪ ಪುಸ್ತಕಗಳನ್ನೇ ಓದುತ್ತಾರೆ. ಕನ್ನಡದಲ್ಲಿ ಮಾತ್ರ ಒತ್ತಕ್ಷರ ಬಂದ ಕಡೆ ನಿಂತುಬಿಡುತ್ತಾರೆ. ಅವರ ತಲೆ ಓಡುವಷ್ಟು ವೇಗವಾಗಿ ಓದು ಓಡುವುದಿಲ್ಲ. ಹಾಗೆಂದು ಅವರ ಕೈಗೆ ಕಾಗೆ–ನರಿ ಕತೆ ಕೊಟ್ಟರೆ ಬೇಸರ ಬರುತ್ತದೆ. ಅದಕ್ಕೇ ವಾಕ್ಯ ಚಿಕ್ಕದಿಟ್ಟು ಒಗಟನ್ನು ದೊಡ್ಡದು ಮಾಡಿದೆ.

ಕತೆ ಹೀಗಿದೆ. ಅದಿತಿಯ ಪಪ್ಪನ ಊಟದ ಡಬ್ಬಿ ಮಾಟುಂಗದ ಮನೆಯಿಂದ ದಕ್ಷಿಣ ಮುಂಬಯಿಯ ಫೋರ್ಟಿನ ಆಫೀಸಿಗೆ ಹೋಗಿ ಮಧ್ಯಾಹ್ನ ಮೇಲೆ ಖಾಲಿ ವಾಪಸು ಬರಬೇಕು. ಕೆಲವು ದಿನ ಮಾತ್ರ ಅದರಲ್ಲಿ ಎರಡು ಹೋಳಿಗೆ ಮಡಚಿಟ್ಟಿರುತ್ತದೆ. ಅಜ್ಜಿ ಮಾಡಿದ್ದಲ್ಲ, ಪಪ್ಪ ಇಟ್ಟಿದ್ದೂ ಅಲ್ಲ. ಮತ್ತೆ ಯಾರು?

ಇಲ್ಲಿ ಮೂರು ಸುಳಿವು ಇಟ್ಟೆ: ಒಂದು ಕಣ್ಣಿಗೆ, ಒಂದು ಮೂಗಿಗೆ, ಒಂದು ಕಿವಿಗೆ. ಕಣ್ಣಿಗೆ ಕಾಣುವುದು ಡಬ್ಬಿಯ ಮುಚ್ಚಳದ ಮೇಲಿನ ಬಣ್ಣದ ಗುರುತು. ಮನೆಯ ಊಟವನ್ನು ಆಫೀಸಿಗೆ ಮುಟ್ಟಿಸುವ ಡಬ್ಬಾವಾಲಾಗಳು ಅಕ್ಷರ, ಅಂಕಿ, ಬಣ್ಣದಲ್ಲೇ ಯಾವ ಸ್ಟೇಷನ್, ಯಾವ ಕಟ್ಟಡ, ಎಷ್ಟನೇ ಮಹಡಿ ಎಂದು ಬರೆದಿರುತ್ತಾರೆ. ಅದನ್ನು ಬಿಡಿಸಿ ಓದುವುದೆಂದರೆ ಮಕ್ಕಳಿಗೆ ಹಬ್ಬ. ಮೂಗಿನ ಸುಳಿವು ಜಾಯಿಕಾಯಿ. ಅಜ್ಜಿಯ ಹೋಳಿಗೆಗೆ ಏಲಕ್ಕಿ ಮಾತ್ರ. ಮರಾಠಿ ಮನೆಗಳ ಪುರಣಪೋಳಿಗೆ ಜಾಯಿಕಾಯಿ ತುರಿದು ಹಾಕುವ ರೂಢಿಯಿದೆ. ಕಿವಿಯದು ನನಗೆ ತುಂಬ ಇಷ್ಟ. ಹೋಳಿಗೆ ಬಂದ ದಿನವೆಲ್ಲ ಪಪ್ಪ ರಾತ್ರಿ ಚಪ್ಪಲಿ ಬಿಡುತ್ತಾ, “ಝಡ್ ಬ್ರಿಜ್ ಹತ್ತಿ ಇಳಿದು ಮೊಣಕಾಲು ಹಿಡ್ಕೊಳ್ತು ಅಮ್ಮಾ” ಅನ್ನುತ್ತಾನೆ. ಫೋರ್ಟಿನಿಂದ ಬರುವ ದಿನ ಪಪ್ಪ ಲೋಕಲ್ ರೈಲಿನ ಸೆಂಟ್ರಲ್ ಲೈನಿನ ಮಾಟುಂಗದಲ್ಲಿ ಇಳಿಯುತ್ತಾನೆ. ಆ ಸೇತುವೆ ದಾಟುವುದು ವೆಸ್ಟರ್ನ್ ಲೈನಿನ ಮಾಟುಂಗ ರೋಡಿನಿಂದ ಬಂದರೆ. ಅಂದರೆ ಆ ದಿನ ಪಪ್ಪ ಆಫೀಸಿನಲ್ಲಿ ಇರಲೇ ಇಲ್ಲ! ಈ ಮಾತನ್ನು ಸೊಪ್ಪಿನ ಬೆಲೆ, ಮಳೆ, ಅಜ್ಜಿಯ ಗೊಣಗಾಟಗಳ ನಡುವೆ ಹುದುಗಿಸಿದೆ. ಸುಳಿವು ಅಡಗಬೇಕಾದದ್ದು ಮನೆಯ ಮಾತುಕತೆಯಲ್ಲೇ. ಕತ್ತಲ ಕೋಣೆ, ಹಳೆಯ ಪೆಟ್ಟಿಗೆ ಎಂದಕೂಡಲೇ ಮಕ್ಕಳು ಎಚ್ಚರವಾಗಿಬಿಡುತ್ತಾರೆ.

ಉತ್ತರ ಇದು. ಹೊರಗೆ ಕೆಲಸವಿರುವ ದಿನ ಪಪ್ಪ ತನ್ನ ಊಟವನ್ನು ಆಫೀಸಿನ ಲಿಫ್ಟ್ ನಡೆಸುವ ಕಾಕಾಗೆ ಬಿಟ್ಟಿರುತ್ತಾನೆ. “ನಾಳೆ ನಾನು ಬರಲ್ಲ, ಡಬ್ಬಿ ನಿಮ್ಮದು” ಎಂದು ಹಿಂದಿನ ಸಂಜೆಯೇ ಹೇಳಿರುತ್ತಾನೆ. ಅಜ್ಜಿಗೆ ಹೇಳಿಲ್ಲ, ಕಷ್ಟಪಟ್ಟು ಮಾಡಿದ್ದನ್ನು ಮಗ ಉಣ್ಣಲಿಲ್ಲವೆಂದು ನೊಂದುಕೊಳ್ಳುತ್ತಾಳೆ ಎಂಬ ಅಳುಕು. ಬೇರೆಯವರ ಪಾತ್ರೆ ಖಾಲಿ ಕಳಿಸಬಾರದು ಎಂದು ಕಾಕಾನ ಹೆಂಡತಿ ಹೋಳಿಗೆ ಮಾಡಿಕೊಡುತ್ತಾಳೆ. ನಮ್ಮ ಮನೆಗಳಲ್ಲೂ ಇದೇ ಪದ್ಧತಿ ಇರುವುದರಿಂದ ಮಕ್ಕಳಿಗೆ ವಿವರಿಸಬೇಕಾಗಲಿಲ್ಲ. ಎಳೆಯರ ಪತ್ತೇದಾರಿಯಲ್ಲಿ ‘ಯಾರು’ ಗೊತ್ತಾಗುವುದಕ್ಕಿಂತ ‘ಯಾಕೆ’ ಗೊತ್ತಾದಾಗ ಮುಖ ಅರಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸಿಸಿಟಿವಿ, ಮೊಬೈಲು ನೋಡಿದರೆ ಒಗಟು ಬಿಡಿಸಿಹೋಗುವ ತೊಂದರೆಯೂ ಇದರಿಂದಲೇ ನೀಗಿತು. ಕ್ಯಾಮೆರಾದಲ್ಲಿ ಕೈ ಕಾಣಬಹುದು, ಮನಸ್ಸಲ್ಲ.

ದಾರಿ ತಪ್ಪಿಸಲು ಡಬ್ಬಾವಾಲಾನ ಮೇಲೆ ಅನುಮಾನ ಹುಟ್ಟಿಸಿದ್ದೆ. ಆದರೆ ಅನುಮಾನಕ್ಕೆ ಸಿಕ್ಕ ಬಡವನನ್ನು ಕತೆ ಅಲ್ಲೇ ಬಿಟ್ಟು ಮುಂದೆ ಹೋಗಬಾರದು. ಅದಿತಿ ಅವನ ಬಳಿ ಹೋಗಿ “ಕಾಕಾ, ನಿಮ್ಮನ್ನು ಸುಮ್ಮನೆ ಸಂಶಯಪಟ್ಟೆ” ಎನ್ನುವುದಕ್ಕೆ ಒಂದು ಇಡೀ ಅಧ್ಯಾಯ ಕೊಟ್ಟಿದ್ದೇನೆ. ಓದುವ ಮಕ್ಕಳು ನಾಳೆ ತಮ್ಮ ಬಿಲ್ಡಿಂಗಿನ ವಾಚ್‌ಮನ್‌ನನ್ನೂ ಇದೇ ಕಣ್ಣಿನಿಂದ ನೋಡುವವರಲ್ಲವೇ?

ಅಮೆರಿಕದ ಡೊನಾಲ್ಡ್ ಸೊಬೊಲ್ 1963ರಲ್ಲಿ ಆರಂಭಿಸಿದ ಬಾಲ ಪತ್ತೇದಾರನ ಕತೆಗಳಲ್ಲಿ ಉತ್ತರವನ್ನು ಪುಸ್ತಕದ ಕೊನೆಯಲ್ಲಿ ಬೇರೆಯಾಗಿ ಇಡುತ್ತಿದ್ದರು. ಆ ಕ್ರಮವನ್ನು ನಾನು ಓದಿ ಹೇಳುವಾಗ ಬಳಸುತ್ತೇನೆ. ಕೊನೆಯ ಅಧ್ಯಾಯದ ಮುಂಚೆ ಪುಸ್ತಕ ಮುಚ್ಚಿ, “ಈಗ ನೀವು ಹೇಳಿ” ಎನ್ನುತ್ತೇನೆ. ಎಲ್ಲರೂ ಥಟ್ಟನೆ ಹೇಳಿಬಿಟ್ಟರೆ ಸುಳಿವು ದಪ್ಪವಾಯಿತು ಎಂದರ್ಥ. ಒಬ್ಬರಿಗೂ ಹೊಳೆಯದಿದ್ದರೆ ನಾನು ಮಕ್ಕಳಿಗೆ ಅನ್ಯಾಯ ಮಾಡಿದೆ ಎಂದರ್ಥ. ಝಡ್ ಬ್ರಿಜ್ ಸುಳಿವನ್ನು ಹಿಡಿದವಳು, ಪ್ರತಿ ಭಾನುವಾರ ಅದೇ ಸೇತುವೆ ಹತ್ತಿ ಕ್ಲಾಸಿಗೆ ಬರುವ ಮೂರನೇ ಕ್ಲಾಸಿನ ಹುಡುಗಿ. ಓದಿನಲ್ಲಿ ಎಲ್ಲರಿಗಿಂತ ಹಿಂದಿದ್ದವಳು ಅವತ್ತು ಆ ಪುಟವನ್ನು ತಾನೇ ಹುಡುಕಿ, ಒತ್ತಕ್ಷರ ಬಿಡದೆ, ಎಲ್ಲರಿಗೂ ಓದಿ ತೋರಿಸಿದಳು.